ಮೂರನೇ ಹಾಡು ಯಾರಿಗಾಗಿ

ಹೋಳೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಗಂಗಾ,

ಹೇಗಿದ್ದೀಯ? ಹೊಸಪೇಟೆ ಬಿಸಿಲಿಗೆ ಮತ್ತೆ ತಲೆನೋವು ಶುರುವಾಯ್ತಾ? ಸಹನ ಎದ್ದು ಓಡಾಡ್ತಿದ್ದಾಳಾ, ಪಾಪುಗೆ ಹಾಲು ಸಾಲುತ್ತಾ? ಡಾಕ್ಟರು ಬಸ್ಸು ಹತ್ತಬೇಡ ಅಂದಿದ್ದಕ್ಕೆ ಮಗಳು ತವರಿಗೆ ಬರೋ ಬದಲು ನೀನೇ ಬಾಣಂತನಕ್ಕೆ ಅಲ್ಲಿಗೆ ಹೋಗಿ ಇವತ್ತಿಗೆ ಮೂವತ್ತೆಂಟು ದಿನ. ನಾನೂ ಅಮ್ಮನೂ ಚೆನ್ನಾಗಿದೀವಿ. ಅಮ್ಮ ದಿನಾ ಬಾಗಿಲಲ್ಲಿ ಕೂತು "ಕೋಡಲು ಎಪ್ಪುಡೊಸ್ತುಂದಿರಾ" ಅಂತ ತೆಲುಗಲ್ಲೇ ಕೇಳ್ತಾಳೆ, ಸೊಸೆ ಯಾವಾಗ ಬರ್ತಾಳೆ ಅಂತ. ಸೊಸೆ ಇಲ್ದೆ ಮುದ್ದೆ ಗಂಟಾಗ್ತಿದೆ ಅಂತ ನನ್ನ ಮೇಲೇ ದೂರು. ಡೇರಿಯಲ್ಲಿ ಹಾಲಿನ ಫ್ಯಾಟ್ ಕಮ್ಮಿ ಬಂದ್ರೆ ಬಚ್ಚಮ್ಮ ಈಗಲೂ ಸೆಕ್ರೆಟರಿ ಅಂತ ನನ್ನನ್ನೇ ಬೈಯೋದು, ಅವಳ ಹಸುವನ್ನಲ್ಲ. ಫೋನಿರುವಾಗ ಕಾಗದ ಯಾಕೆ ಅಂತೀಯ. ಫೋನಲ್ಲಿ ನೀನು "ಊಟ ಆಯ್ತಾ" ಅಂದ್ಮೇಲೆ ನನ್ನ ಮಾತು ಮುಗಿದು ಹೋಗುತ್ತೆ ಕಣೇ. ಇದು ಹಾಗೆ ಮುಗಿಯೋ ಮಾತಲ್ಲ.

ಸಹನಳ ಹಳೇ ಕುಲಾವಿ ಹುಡುಕಿ ಕಳಿಸು ಅಂದಿದ್ದೆಯಲ್ಲ, ಅದಕ್ಕೆ ಹೋದ ವಾರ ಅಟ್ಟದ ಮೇಲಿನ ನಿನ್ನ ಟ್ರಂಕು ಇಳಿಸಿದೆ. ಕುಲಾವಿ ಸಿಕ್ತು. ಅದರ ಕೆಳಗೆ ನಮ್ಮ ಆ 'ನೀಲಿ ರಿಬ್ಬನ್' ಹಾಡುಗಳ ಕ್ಯಾಸೆಟ್ಟೂ ಸಿಕ್ತು. ನನಗಾದ ಖುಷಿ ಹೇಳಲಾರೆ. ನಿಮ್ಮಪ್ಪ ಮದುವೆಗೆ ಕೊಟ್ಟ ಟೇಪ್ ರೆಕಾರ್ಡರ್ ಎತ್ಕೊಂಡು ಅವತ್ತೇ ಕೋಲಾರಕ್ಕೆ ಹೋದೆ. ರಿಪೇರಿ ಅಂಗಡಿ ಅರುಣ್‌ಕುಮಾರ್ "ಇನ್ನೂ ಇದನ್ನ ಇಟ್ಕೊಂಡಿದ್ದೀರಾ ಅಣ್ಣಾ" ಅಂತ ನಕ್ಕು, ಹೊಸ ಬೆಲ್ಟ್ ಹಾಕಿ ಕೊಟ್ಟ. ಮನೆಗೆ ಬಂದು ಹಾಕಿದ್ರೆ, ಗಂಗಾ, ಮೊದಲ ಎರಡು ಹಾಡು ಕೇಳಿ ನನಗೇ ನಾಚಿಕೆಯಾಯ್ತು. ಕೀಬೋರ್ಡಿನ ಆ ಡ್ರಮ್ಮು ಯಾರೋ ತಗಡಿನ ಡಬ್ಬ ಬಡಿದ ಹಾಗಿದೆ. ಇದಕ್ಕಾ ನಾವು ಅಷ್ಟು ಕುಣಿದದ್ದು ಅನ್ನಿಸ್ತು. ಮೂರನೇ ಹಾಡು ಬಂದಾಗ ಮಾತ್ರ ಹಾಗೇ ಕೂತುಬಿಟ್ಟೆ. ಮದುವೆಯಾದ ಹೊಸದರಲ್ಲಿ ಬೆಳಗಿನ ಹಾಲು ಅಳೆದು ನಾನು ಮನೆಗೆ ಬರೋ ಹೊತ್ತಿಗೆ ಸರಿಯಾಗಿ ನೀನು ಟೇಪನ್ನ ಆ ಹಾಡಿಗೆ ತಂದು ನಿಲ್ಲಿಸಿರ್ತಿದ್ದೆ. ಕರೆಂಟ್ ಇಲ್ದಿದ್ರೆ ಪೆನ್ಸಿಲ್ ತೂರಿಸಿ ಸುತ್ತಿ ಇಟ್ಟಿರ್ತಿದ್ದೆ. ಅದು ನನಗೋಸ್ಕರ ಅಂತ ಇಪ್ಪತ್ನಾಲ್ಕು ವರ್ಷ ನಂಬಿದ್ದೆ.

ಹಾಡಿದವರ ಹೆಸರು ನೋಡೋಣ ಅಂತ ಒಳಗಿನ ಬಣ್ಣದ ಕಾರ್ಡನ್ನ ಪೂರ್ತಿ ಬಿಡಿಸಿದೆ. ಮಡಿಕೆಯ ಒಳಗಡೆ 'ಕದಿರೇಶ್ ಸೌಂಡ್ಸ್, ತಾಯಲೂರು' ಅಂತ ಸೀಲು. ಅದರ ಕೆಳಗೆ ಹಸಿರು ಇಂಕಲ್ಲಿ, "ಗಂಗಾಗೆ. ಮೂರನೇ ಹಾಡು ನಿನ್ನದೇ."

ಅವತ್ತು ಸಂಜೆ ಡೇರಿಯಲ್ಲಿ ಎರಡು ಸಲ ಲೆಕ್ಕ ತಪ್ಪಿದೆ. ನೀನು ಫೋನ್ ಮಾಡಿದಾಗ ಎತ್ತಲಿಲ್ಲ. ನೆಟ್‌ವರ್ಕ್ ಇರಲಿಲ್ಲ ಅಂದೆನಲ್ಲ, ಸುಳ್ಳು. ನಮ್ಮದು ಅಂದ್ಕೊಂಡಿದ್ದ ಹಾಡನ್ನ ನನಗಿಂತ ಮುಂಚೆ ಒಬ್ಬ ನಿನಗೆ ಬರೆದುಕೊಟ್ಟಿದ್ದಾನೆ. ನಾನು ಬರೋ ಹೊತ್ತಿಗೆ ನೀನು ಹಾಕ್ತಿದ್ದದ್ದು ನನ್ನನ್ನ ನೆನೆದೋ ಅವನನ್ನ ನೆನೆದೋ? ಐವತ್ತೆರಡು ವರ್ಷದ ಗಂಡಸು, ಮೊಮ್ಮಗು ಬಂದಿದೆ, ಇದೇನು ಬುದ್ಧಿ ಅಂತ ನನ್ನನ್ನೇ ಬೈದುಕೊಂಡೆ. ಹೊಟ್ಟೆಯುರಿ ಕಡಿಮೆಯಾಗಲಿಲ್ಲ.

ಶುಕ್ರವಾರ ತಲೆಗೆ ಡೈ ಹಾಕ್ಕೊಂಡು, ಸಹನಳ ಮದುವೆಗೆ ಹೊಲಿಸಿದ ಶರಟು ಹಾಕ್ಕೊಂಡು ಮುಳಬಾಗಿಲಿಗೆ ಹೋಗಿ, ಅಲ್ಲಿಂದ ಆ ಕದಿರೇಶನನ್ನ ನೋಡೋಕೆ ತಾಯಲೂರಿನ ಬಸ್ಸು ಹಿಡಿದೆ. ನಗು, ನಿನಗೆ ನಗೋ ಹಕ್ಕಿದೆ. ದಾರಿಯುದ್ದಕ್ಕೂ ಅವನ ತಲೆ ಬೋಳಾಗಿರಲಿ, ಹೊಟ್ಟೆ ಬಂದಿರಲಿ ಅಂತ ದೇವರನ್ನ ಕೇಳ್ಕೊಂಡೆ. ದೇವರು ಕೇಳಲಿಲ್ಲ. ತಲೆ ತುಂಬಾ ಕೂದಲು, ತೆಳ್ಳಗಿದ್ದಾನೆ. ಗಂಗಾಲಕ್ಷ್ಮಿ ಗಂಡ ಅಂದ ತಕ್ಷಣ ಎದ್ದು ನಿಂತು ಎರಡೂ ಕೈ ಹಿಡ್ಕೊಂಡ. "ನಮ್ಮ ಗಂಗಾ ಯಜಮಾನ್ರಾ ಸಾರ್! ಇವಾಗ್ಲೂ ಹಾಡ್ತಾಳಾ?"

ನನಗೆ ಅರ್ಥವಾಗಲಿಲ್ಲ. ಯಾರು ಹಾಡೋದು ಅಂದೆ. ಅವನ ಹೆಂಡತಿ ಗಂಗರತ್ನಮ್ಮ ಟೀ ತಂದವಳು, "ಅಯ್ಯೋ, ನಿಮಗೆ ಹೇಳಿಲ್ವಾ? ಎರಡು ಸಾವಿರದ ಇಸವಿ ರಾಜ್ಯೋತ್ಸವದಲ್ಲಿ ಇಡೀ ತಾಯಲೂರು ಕೇಳಿದೆಯಲ್ಲ" ಅಂದಳು. ನೀನು ಮುಳಬಾಗಿಲಲ್ಲಿ ಓದ್ತಿದ್ದಾಗ ಇವನ ಆರ್ಕೆಸ್ಟ್ರಾಗೆ ಹಾಡೋಕೆ ಬಂದೆಯಂತೆ. ಪ್ರಾಕ್ಟೀಸಿಗೆ ಅಂತ ಕ್ಯಾಸೆಟ್ ಕೊಟ್ಟು, ಸ್ಟೇಜಲ್ಲಿ ಯಾವುದು ನೀನು ಹಾಡಬೇಕು ಅಂತ ಗುರುತಿಗೆ ಬರೆದದ್ದಂತೆ, ಮೂರನೇ ಹಾಡು ನಿನ್ನದು ಅಂತ. ಅಷ್ಟೇ. ನನಗೆ ನೆಮ್ಮದಿಯಾಗಬೇಕಿತ್ತು. ಅಷ್ಟರಲ್ಲಿ ಅವನು ಒಳಗಿಂದ ಆ ದಿನದ ರೆಕಾರ್ಡಿಂಗ್ ತಂದು ಹಾಕಿದ.

ಮೊದಲು ಒಂದು ಸಣ್ಣ ಕೆಮ್ಮು. ಅದು ನಿನ್ನದೇ, ಯಾವ ಸದ್ದಲ್ಲೂ ಗುರುತಿಸ್ತೀನಿ. ಆಮೇಲೆ ಬಂದ ದನಿ ನನಗೆ ಗುರುತಿರಲಿಲ್ಲ. ಕ್ಯಾಸೆಟ್ಟಲ್ಲಿ ಹಾಡಿದವಳಿಗಿಂತ ಚೆನ್ನಾಗಿತ್ತು ಗಂಗಾ, ಹೊಗಳಬೇಕು ಅಂತ ಹೇಳ್ತಿಲ್ಲ. ಹಾಡು ಮುಗಿದಾಗ ಜನ ಒನ್ಸ್ ಮೋರ್ ಅಂತ ಕೂಗಿದರು. ಆ ಕೂಗಿದವರಲ್ಲಿ ಒಬ್ಬೊಬ್ಬರ ಮೇಲೂ ನನಗೆ ಹೊಟ್ಟೆಕಿಚ್ಚಾಯ್ತು. ಕಡಲೆಕಾಯಿ ಮಾರೋಕೆ ಬಂದವನೂ ಕೇಳಿರ್ತಾನೆ, ಕಟ್ಟಿಕೊಂಡ ನಾನು ಕೇಳಿಲ್ಲ. ಸಹನ ಪುಟ್ಟ ಮಗುವಾಗಿದ್ದಾಗ ಲಾಲಿ ಕೂಡ ಅಮ್ಮನೇ ಹಾಡ್ತಿದ್ಲಲ್ಲ, ನೀನಲ್ಲ. ಆಗ ನೆನಪಾಯ್ತು. ಮದುವೆಯಾಗಿ ತಿಂಗಳೂ ಆಗಿರಲಿಲ್ಲ, ನೀನು ಪಾತ್ರೆ ತಿಕ್ತಾ ಸಣ್ಣಗೆ ಗುನುಗ್ತಿದ್ದೆ. "ಮನೆ ಮುಂದೆ ಜನ ಓಡಾಡ್ತಾರೆ" ಅಂತ ನಾನಂದೆ. ಅವರಿಗೆ ಕೇಳಿಸೋದು ನನಗೆ ಇಷ್ಟ ಇರಲಿಲ್ಲ. ನೀನು ನಲ್ಲಿ ಜೋರು ಮಾಡಿದೆ.

ಯಾಕೆ ಬಿಟ್ಲು ಅಂತ ಕೇಳಿದೆ. "ಮದುವೆ ಆಯ್ತಲ್ಲ ಸಾರ್. ಆಮೇಲೆ ಅವಳಿಗೆ ಒಂದು ಕಾಗದ ಬರೆದಿದ್ದೆ. ಬೆಂಗಳೂರಲ್ಲಿ ಕ್ಯಾಸೆಟ್ ಮಾಡೋರು ಹೊಸ ದನಿ ಹುಡುಕ್ತಿದ್ರು, ನಿನ್ನ ಹೆಸರು ಹೇಳಿದೀನಿ, ನಿಮ್ಮ ಯಜಮಾನ್ರನ್ನೂ ಕರ್ಕೊಂಡು ಬಾ ಅಂತ. ಉತ್ತರ ಬರಲಿಲ್ಲ. ಇಷ್ಟ ಇಲ್ಲವೇನೋ ಅಂದ್ಕೊಂಡೆ." ನಾನು ಟೀ ಕುಡಿದು ಬಂದುಬಿಟ್ಟೆ. ನಿನ್ನ ನಂಬರ್ ಕೇಳಿದ, ಆಮೇಲೆ ಕೊಡ್ತೀನಿ ಅಂದೆ.

ಅಮ್ಮ ನಿನ್ನನ್ನ ಕೇಳಿದಳು ಅಂತ ಬರೆಯೋಕೆ ಹೇಳ್ತಿದ್ದಾಳೆ. ಸಹನಂಗೆ ತಣ್ಣೀರು ಮುಟ್ಟಬೇಡ ಅನ್ನು. ಅಳಿಯಂದ್ರಿಗೆ ನಮಸ್ಕಾರ. ಪಾಪು ನೂರು ಕಾಲ ಬಾಳಲಿ, ಅದಕ್ಕೆ ನನ್ನ ಹೆಸರಲ್ಲಿ ಒಂದು ಮುತ್ತು ಕೊಡು.

ನಿನ್ನ,
ಮುನೇಶ್

ಮರೆತಿದ್ದು: ಮರೆತಿದ್ದೇನಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ಆ ಕಾಗದ ಬಂದಿತ್ತು ಗಂಗಾ. ಮೊದಲ ಆಷಾಢ, ನೀನು ತವರಲ್ಲಿದ್ದೆ. ಪೋಸ್ಟಿನ ಚನ್ನರಾಯಪ್ಪ ಡೇರಿ ಹತ್ತಿರವೇ ನನ್ನ ಕೈಗೆ ಕೊಟ್ಟ. ಕಳಿಸಿದವರದ್ದು ತಾಯಲೂರಿನ ವಿಳಾಸ, ಗಂಡಸಿನ ಕೈಬರಹ. ಒಡೆದು ಓದೋಕೆ ಧೈರ್ಯ ಬರಲಿಲ್ಲ, ನಿನಗೆ ಕೊಡೋಕೆ ಮನಸ್ಸು ಬರಲಿಲ್ಲ. ಬಚ್ಚಲ ಒಲೆಗೆ ಹಾಕಿಬಿಟ್ಟೆ. ನನ್ನನ್ನೂ ಕರೆದಿದ್ದರು ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಕೊಡ್ತಿದ್ದೆನಾ? ಅದೂ ಗೊತ್ತಿಲ್ಲ, ಸುಳ್ಳು ಹೇಳೋದಿಲ್ಲ. ಕದಿರೇಶನ ನಂಬರ್ ಈ ಹಾಳೆಯ ಹಿಂದೆ ಬರೆದಿದೀನಿ. ಮಾತಾಡು. ನನ್ನನ್ನ ಕೇಳಬೇಡ. ಬೈಯೋದಿದ್ರೆ ಬೈದು ಬರಿ, ಓದ್ತೀನಿ, ಈ ಸಲ ಒಡೆದು ಓದ್ತೀನಿ.