ಎಲೆ ಅಡಿಕೆ ಹಾಕದ ಸೋಮವಾರ

ನನ್ನ ಬಾಯಿ ಬಿಡಿಸಿದ ದೊಡ್ಡವ್ವನಿಗೆ,

ಹೇಗಿದ್ದೀ ಎಂದು, ನೀನು ತೀರಿಹೋದ ಮೇಲೆ, ಕೇಳುವುದು ಹೇಗೆ? ಆದರೆ ಹಾಗೆ ಕೇಳದೆ ಕಾಗದ ಶುರುಮಾಡಲು ನನಗೆ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಕೈಯಲ್ಲಿ ಓಣಿಯ ಹೆಂಗಸರ ಕಾಗದಗಳನ್ನೆಲ್ಲ ಬರೆಸಿದವಳು ನೀನೇ ಅಲ್ಲವೇ?

ತೆಕ್ಕಲಕೋಟೆಯ ಆ ಶ್ರಾವಣ ಸೋಮವಾರ ನೆನಪಾಗುತ್ತದೆ. ಉಪವಾಸವೆಂದು ನೀನು ಎಲೆ ಅಡಿಕೆ ಮುಟ್ಟಿರಲಿಲ್ಲ. ಆದರೂ ಬಾಯಿ ಮುಕ್ಕಳಿಸಿದ ನೀರು ಕೆಂಪಗಿತ್ತು. ಬೇರೆ ದಿನವಾಗಿದ್ದರೆ ಯಾರಿಗೆ ತಿಳಿಯುತ್ತಿತ್ತು? ತೋಳಿನ ಮೇಲೂ ನೇರಳೆ ಬಣ್ಣದ ಕಲೆಗಳು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಬಳ್ಳಾರಿಯ ಡಾಕ್ಟರು ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟಿದ್ದು ಮನೆಗೆಲ್ಲ ಗೊತ್ತಿತ್ತು. ಆ ಕಾಯಿಲೆಯ ನಂತರ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದ ನಿನ್ನನ್ನು ಎಬ್ಬಿಸಿ ಕೂರಿಸಿದ್ದು ಬಳ್ಳಾರಿ ಕಂಟೋನ್ಮೆಂಟಿನ ಇನ್ನೊಬ್ಬ ಡಾಕ್ಟರು ಮನಸ್ಸಿಗೆಂದು ಕೊಟ್ಟ ಗುಳಿಗೆ. ಅದು ನಿನ್ನ ಎಲೆ ಅಡಿಕೆ ಚೀಲದಲ್ಲಿ ಅಡಗಿತ್ತು. ಗೊತ್ತಿದ್ದದ್ದು ನಿನಗೆ, ನನಗೆ.

ಬಳ್ಳಾರಿಯ ಡಾಕ್ಟರ ಹತ್ತಿರ ಹೊರಟಾಗ ಬಸ್ಸಿನಲ್ಲಿ ನೀನು ನನ್ನ ಕೈ ಹಿಡಿದು ಹೇಳಿದೆ: “ಮನಸಿನ ಗುಳಿಗಿ ಮಾತು ಎತ್ತಬ್ಯಾಡ. ಕುರುಗೋಡಿನವರು ನಿನ್ನ ನೋಡಿ ಹೋಗ್ಯಾರ. ದೊಡ್ಡವ್ವಗ ಹುಚ್ಚೈತಿ ಅಂತ ಸುದ್ದಿ ಹಬ್ಬಿದ್ರ ಮದಿವಿ ನಿಂತೀತು.”

ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ ನೀನು. ಮತ್ತೆ ಕೇಳಿದರೂ ಇಲ್ಲವೆಂದೇ ಹೇಳಿದೆ. ಹೊರಗಿನವರ ಮುಂದೆ ಹೆಸರು ಹೇಳಲೂ ನಾಚುವ ನಾನು, ನಿನ್ನ ಚೀಲಕ್ಕೆ ಕೈ ಹಾಕಿ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. “ಇದನ್ನೂ ತಗೋತಾಳ್ರಿ.” ಎರಡೂ ಬೇಕಾದ ಗುಳಿಗೆಗಳೇ, ಆದರೆ ಈ ವಯಸ್ಸಿನಲ್ಲಿ ಒಂದರ ಜೊತೆ ಇನ್ನೊಂದು ಸೇರಿ ರಕ್ತ ಮಿತಿಮೀರಿ ತೆಳುವಾಗಿರಬಹುದು ಎಂದರು. ರಕ್ತ ಪರೀಕ್ಷೆ ಮಾಡಿ, ನಿನ್ನನ್ನು ಅಲ್ಲೇ ಇರಿಸಿಕೊಂಡು, ಕಂಟೋನ್ಮೆಂಟಿನ ಡಾಕ್ಟರನ್ನೂ ಕೇಳಿ ಎರಡನ್ನೂ ಹೊಂದಿಸಿಕೊಟ್ಟರು. ಇನ್ನಷ್ಟು ದಿನ ತಡವಾಗಿದ್ದರೆ...

ನೀನು ಬಯ್ಯುತ್ತೀ ಎಂದುಕೊಂಡಿದ್ದೆ. “ಬಾಯಿಲ್ಲದಾಕಿ ಅಂತಿದ್ನಲ್ಲ, ಬಿಟ್ಟಿ ನೋಡಲೇ ಬಾಯಿ” ಎಂದು ಆಸ್ಪತ್ರೆಯ ಮಂಚದ ಮೇಲೆ ನಕ್ಕೆ. ಕುರುಗೋಡಿನವರು ಮಾತುಕತೆಗೆ ಬಂದಾಗ ಗುಳಿಗೆಯ ವಿಷಯ ನೀನೇ ಹೇಳಿದೆ. ಹುಡುಗನ ತಾಯಿ ತಲೆ ಎತ್ತದೆ ಚಹಾ ಕುಡಿದರು. ಸಂಬಂಧ ಮುರಿಯಿತೆಂದೇ ನಾವು ತಿಳಿದೆವು. ಮುರಿಯಲಿಲ್ಲ. ನೀನೇ ಅಕ್ಷತೆ ಹಾಕಿದೆ.

ನೀನು ಕೇಳದ ಸುದ್ದಿ ಇದು. ಹೋದ ವಾರ ನನ್ನ ಅತ್ತೆಯ ಎದೆನೋವು ತೋರಿಸಲು ಬಳ್ಳಾರಿಗೆ ಹೋಗಿದ್ದೆವು. ರಕ್ತ ತೆಳುವಾಗಿಸುವ ಗುಳಿಗೆ ಬರೆಯಲು ಡಾಕ್ಟರು ಪೆನ್ನು ತೆಗೆದರು. ಅವರು ಏನೂ ಕೇಳುವ ಮೊದಲೇ ಅತ್ತೆ ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ಮುಂದಿಟ್ಟರು. “ಮನಸಿಂದು ಇದು. ಭಾಳ ವರ್ಷಾತ್ರಿ. ಈಕಿ ದೊಡ್ಡವ್ವ ನಮ್ಮೆದುರಿಗೆ ತನ್ನ ಗುಳಿಗಿ ಮಾತು ಹೇಳಿದ ದಿನಾನೂ ಇದು ನನ್ನ ಸೆರಗಿನಾಗ ಇತ್ತು.”

ನಾನು ಬಾಯಿ ಬಿಡಬೇಕಾಗಲೇ ಇಲ್ಲ, ದೊಡ್ಡವ್ವ.