ಒಂದು ಮುಂಜಾನೆಯ ಮೂತ್ರ, ಮೂರು ಫಲಿತಾಂಶ

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲವರು ಈ ಏಕೀಕೃತ ರಾಜ್ಯದಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ ದಯವಿಟ್ಟು ಬೆಟಗೇರಿಗೆ ಕಳುಹಿಸಿಕೊಡಿ. ನಾನು ಇಲ್ಲಿ ಸೀರೆ ನೇಯುವವನು. ಹೆಂಡತಿ ಅಂಬವ್ವ, ತವರು ಲಕ್ಷ್ಮೇಶ್ವರ.

ಗದಗಿನ ಒಂದು ಪರೀಕ್ಷಾಲಯ ಅವಳ ಮೂತ್ರದಲ್ಲಿ ವಿಪರೀತ ಸಕ್ಕರೆಯಿದೆ ಎಂದಿತು. ಡಾಕ್ಟರು ಆ ಚೀಟಿ ನಂಬಿ ಇನ್ಸುಲಿನ್ ಸೂಜಿ ಶುರುಮಾಡಿದರು. ಕೆಲವೇ ದಿನಗಳಲ್ಲಿ, ಕಂಡಿಕೆಗೆ ನೂಲು ಸುತ್ತುತ್ತ ಕುಳಿತವಳು ಬೆವರಿ, ನಡುಗಿ, ಮಗ್ಗದ ಪಕ್ಕದಲ್ಲೇ ಎಚ್ಚರ ತಪ್ಪಿ ಬಿದ್ದಳು. ಡಾಕ್ಟರು ಓಡಿ ಬಂದು ನರಕ್ಕೆ ಏರಿಸಿದ್ದೇನು ಗೊತ್ತೇ? ಸಕ್ಕರೆಯ ದ್ರಾವಣ! ತವರಿನವರು ಗಾಬರಿಯಾಗಿ ಲಕ್ಷ್ಮೇಶ್ವರದಲ್ಲಿ ಪರೀಕ್ಷೆ ಮಾಡಿಸಿದರೆ ಅಲ್ಲಿಯವರು ಸಕ್ಕರೆ ಅತ್ಯಲ್ಪ, ಸೂಜಿ ಬೇಡ ಎಂದರು. ಇಲ್ಲಿಯ ಡಾಕ್ಟರು, ಕಾಯಿಲೆ ನಿಜವಾಗಿದ್ದರೆ ಸೂಜಿ ಬಿಡುವುದೂ ಜೀವಕ್ಕೆ ಅಪಾಯ ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಚೀಟಿ ನೋಡದೆ ಅವರಾದರೂ ಏನು ಮಾಡಬೇಕು?

ನೇಕಾರರಲ್ಲಿ ಒಂದು ಪದ್ಧತಿಯಿದೆ. ವ್ಯಾಪಾರಿಯ ಅಳತೆಗೋಲಿನ, ಅಂದರೆ ಗಜದ, ಮೇಲೆ ಸಂಶಯ ಬಂದರೆ ಜಗಳಕ್ಕೆ ನಿಲ್ಲುವುದಿಲ್ಲ. ಒಂದೇ ಸೀರೆಯನ್ನು ಬೇರೆ ಬೇರೆ ಅಂಗಡಿಗೆ, ಬೇರೆಯವರ ಕೈಯಲ್ಲಿ ಕಳಿಸಿ ಅಳೆಸುತ್ತೇವೆ. ನಾನೂ ಹಾಗೆಯೇ ಮಾಡಿದೆ. ಅವಳ ಒಂದೇ ಮುಂಜಾನೆಯ ಮೂತ್ರವನ್ನು ಮೂರು ಸೀಸೆಗೆ ಹಂಚಿದೆ. ಸೀಸೆ ಹೊಲಸಿರಬೇಕು ಎನ್ನುವಿರಾ? ಮೂರನ್ನೂ ಒಂದೇ ಹಂಡೆಯಲ್ಲಿ ಕುದಿಸಿದ್ದೆ. ಒಂದು ಲಕ್ಷ್ಮೇಶ್ವರಕ್ಕೆ ಹೋಯಿತು: ಅತ್ಯಲ್ಪ. ಒಂದು ಗದಗಿಗೆ, ಅಂಬವ್ವನ ಹೆಸರಿನಲ್ಲಿ: ವಿಪರೀತ. ಇನ್ನೊಂದೂ ಅದೇ ಗದಗಿನ ಪರೀಕ್ಷಾಲಯಕ್ಕೆ, ಗಟ್ಟಿಮುಟ್ಟಾದ ನನ್ನ ಮೈದುನ ಗೋಪಣ್ಣನ ಕೈಯಲ್ಲಿ, ಅವನದೇ ಹೆಸರಿನಲ್ಲಿ: ಸಕ್ಕರೆಯೇ ಇಲ್ಲ.

ಗದಗಿನ ಆ ಪರೀಕ್ಷಕರು ಮೂತ್ರಕ್ಕೆ ಮದ್ದು ಬೆರೆಸಿ ಕಾಯಿಸಿ, ಬಣ್ಣ ನೋಡಿ ಸಕ್ಕರೆ ಎಷ್ಟೆಂದು ಹೇಳುವವರು. ಚೀಟಿಗಳನ್ನು ಮುಂದಿಟ್ಟಾಗ ತಲೆ ತಗ್ಗಿಸಿ ಹೇಳಿದರು:

"ಅಂಬವ್ವಗ ಸಕ್ಕರಿ ಐತಿ ಅಂತ ಮೊದಲ ಗೊತ್ತಿತ್ತಲ್ರಿ, ಬಣ್ಣ ಹಂಗ ಕಾಣಿಸ್ತು. ಗೋಪಣ್ಣ ಗಟ್ಟಿ ಆಳು ಅಂತ ಸರಿಯಾಗಿ ಕಾಯಿಸ್ಲೂ ಇಲ್ಲ. ನನ್ನ ಕೆಲಸ ಖರೆ ಐತೋ ಇಲ್ಲೋ ನೋಡಾಕ ಇಲ್ಲಿತನಾ ಯಾರೂ ಬಂದಿಲ್ರಿ."

ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು. ಅದು ಈಗ ತಮ್ಮ ಮೇಲಿದೆ.

ಸಂಸ್ಥಾನಗಳು ಹೋದವು, ಮುಂಬಯಿ ಸರ್ಕಾರ ಹೋಯಿತು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಒಂದೇ ರಾಜ್ಯವಾದವೆಂದು ನಾವೂ ಪೇಢೆ ಹಂಚಿದೆವು. ಸಂತೋಷ. ಅರಿವೆ ಅಂಗಡಿಯ ಗಜಕ್ಕೆ ವರ್ಷವರ್ಷ ಮುದ್ರೆ ಒತ್ತಲು ಸರ್ಕಾರಕ್ಕೆ ಇನ್‌ಸ್ಪೆಕ್ಟರ್ ಸಿಗುತ್ತಾರೆ. ಒಬ್ಬ ಹೆಂಗಸಿನ ಜೀವ ಅಳೆಯುವವರ ಅಳತೆ ನೋಡಲು ಯಾರೂ ಇಲ್ಲವೇ? ಸೀರೆ ಗೇಣು ಕಡಿಮೆಯಾದರೆ ಸೆರಗು ಗಿಡ್ಡವಾದೀತು, ಅಷ್ಟೇ. ಹುಬ್ಬಳ್ಳಿಯಲ್ಲಿ ಮತ್ತೊಮ್ಮೆ ಮಾಡಿಸಿ ಎನ್ನಬೇಡಿ. ಅಲ್ಲಿಯ ಪರೀಕ್ಷಾಲಯದ ಗಜಕ್ಕಾದರೂ ಮುದ್ರೆಯಿದೆಯೇ?

ನಾನು ಬೇಡುವುದು ಇಷ್ಟೇ. ಸಕ್ಕರೆ ಎಷ್ಟಿದೆ ಎಂದು ತಮಗೆ ಮಾತ್ರ ಗೊತ್ತಿರುವ ಒಂದೇ ದ್ರಾವಣವನ್ನು, ಯಾರದೋ ಹೆಸರು ಬರೆದು, ಆಗಾಗ ಎಲ್ಲ ಪರೀಕ್ಷಾಲಯಗಳಿಗೂ ಕಳುಹಿಸಿ. ಅವರ ಉತ್ತರಗಳನ್ನು ಹೋಲಿಸಿ. ತಪ್ಪಿದವರನ್ನು ಶಿಕ್ಷಿಸುವ ಮೊದಲು ಕಲಿಸಿ. ಉತ್ತರಗಳನ್ನು ಜನರಿಗೂ ತಿಳಿಸಿ.

ಇದನ್ನು ಬರೆಯುತ್ತಿರುವಾಗ ಅಂಬವ್ವ ಬಾಗಿಲಲ್ಲಿ ನಿಂತು ಕೇಳಿದಳು: "ನಾಳೆ ಸೂಜಿಯವ್ರು ಬಂದ್ರ ತೋಳು ಕೊಡ್ಲೋ, ಬ್ಯಾಡೋ?"

ನನಗೆ ಭಯವಾಗುತ್ತಿದೆ, ಮಾನ್ಯರೇ. ಅವಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಇಂತಿ,
ಮೂರು ಚೀಟಿ ಹಿಡಿದು ನಿಂತ ಗಂಡ,
ಕುಬೇರಪ್ಪ, ಬೆಟಗೇರಿ