ಓಲ್ಡಾನ್ ಅಂದರೆ ನಿಲ್ಲು

ಕೊಳ್ಳೇಗಾಲ
೧೮–೧–೨೦೨೫, ಶನಿವಾರ

ಪ್ರೀತಿಯ ಗುರು,

ಹೇಗಿದ್ದೀಯ ಮಗನೇ? ಎಡಭುಜದ ನೋವು ಇಳಿಯಿತೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲಾ ಮೈಸೂರಿನ ಆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬ್ರೆಡ್ಡು ತಿಂದುಕೊಂಡು ಬಿದ್ದಿದ್ದೀಯೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನಿನ್ನ ಅವ್ವ ಆರು ದಿನದಿಂದ ನನ್ನ ಮೇಲೆ ಹಾರಾಡುತ್ತಿದ್ದಾಳೆ, ನಿನ್ನ ಫೋನು ಆಫ್ ಆಗಿರುವುದಕ್ಕೆ ನಾನೇ ಕಾರಣ ಎನ್ನುವ ಹಾಗೆ. ನಾನೇ ಬರಬಹುದಿತ್ತು. ಆದರೆ ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ನಿನ್ನ ಮುಖ ಕಂಡ ಕೂಡಲೇ ಬೈದುಬಿಡುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ. ನಾಳೆ ಬೆಳಗಿನ ಮೊದಲ ಮೈಸೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನಮ್ಮ ಹುಡುಗನೇ, ನಿನ್ನ ಬಾಗಿಲು ತಟ್ಟಿ ಕೊಟ್ಟೇ ಬರುತ್ತಾನೆ.

ದೀಪಶ್ರೀ ಎಲ್ಲ ಹೇಳಿದಳು. ತಂಗಿಗೆ ಫೋನ್ ಮಾಡಿ "ನನ್ ನಾಲಗೇನೇ ಸರಿಯಿಲ್ಲ ಕಣವ್ವ, ಇನ್ ಬ್ಯಾಟ್ ಮುಟ್ಟಾಕಿಲ್ಲ" ಅಂದೆಯಂತೆ. ಆ ಪಂದ್ಯವನ್ನು ನಾನೂ ಟಿವಿಯಲ್ಲಿ ನೋಡಿದೆ. ಗೆಲ್ಲಲು ಹನ್ನೆರಡೇ ರನ್ನು. ಆ ತುದಿಯಲ್ಲಿ ಕ್ಯಾಪ್ಟನ್ ಮೂರ್ತಿಯವರು ಎಂಬತ್ತೇಳು ಹೊಡೆದು ನಿಂತಿದ್ದರು. ನೀನು ಚೆಂಡನ್ನು ಪಕ್ಕಕ್ಕೆ ತಳ್ಳಿ, ಫೀಲ್ಡರ್ ಹತ್ತಿರವೇ ಇದ್ದಾನೆಂದು ಅವರನ್ನು ನಿಲ್ಲಿಸಲು ಕೂಗಿದೆ. "ಹೋಲ್ಡ್" ಎನ್ನಬೇಕಾದ ಬಾಯಲ್ಲಿ "ಓಲ್ಡ್" ಬಂತು. ಬೆಂಗಳೂರಿನ ಮನುಷ್ಯ, ಆ ಗದ್ದಲದಲ್ಲಿ ಅವರ ಕಿವಿಗೆ ಬಿದ್ದದ್ದು "ಓಡ್". ಓಡಿಯೇಬಿಟ್ಟರು. ಇಬ್ಬರೂ ನಿನ್ನ ತುದಿಯಲ್ಲಿ ಮುಖ ಮುಖ ನೋಡಿಕೊಂಡು ನಿಂತಾಗ ಆ ತುದಿಯಲ್ಲಿ ಬೇಲ್ಸ್ ಹಾರಿದವು. ಅವರು ಔಟಾದರು, ಮುಂದಿನ ಓವರಿನಲ್ಲಿ ಪಂದ್ಯವೂ ಹೋಯಿತು. ಸ್ಟಂಪಿನಲ್ಲಿರುವ ಮೈಕು ನಿನ್ನ ಕೂಗನ್ನು ಊರಿಗೆಲ್ಲ ಕೇಳಿಸಿತು. ಈಗ ಮೊಬೈಲಿನಲ್ಲಿ ಯಾರು ಯಾರೋ "ಓಡೋ ಓಲ್ಡೋ" ಎಂದು ನಿನ್ನ ಹಾಗೆ ಕೂಗಿ ಕಿಸಿಯುತ್ತಿದ್ದಾರೆ. ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಆದರೆ ಗುರು, ಆ ಮಾತು ನಿನ್ನದಲ್ಲ, ನನ್ನದು. ಬೇರೆ ಆಟಗಾರರೆಲ್ಲ "ನೋ" ಎನ್ನುತ್ತಾರೆ, "ವೇಯ್ಟ್" ಎನ್ನುತ್ತಾರೆ. ನೀನು ಎಂಟನೇ ವಯಸ್ಸಿನಿಂದ ಭಾನುವಾರ ಭಾನುವಾರ ನನ್ನ ಬಸ್ಸಿನಲ್ಲಿ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹಿಂದಿನ ಬಾಗಿಲಲ್ಲಿ ನಿಂತು ಹೋದವನು. ಅಲ್ಲಿ ಕಲಿತದ್ದು ಎರಡೇ ಮಾತು, ಹೊರಡಲು "ರೈಟ್", ನಿಲ್ಲಲು "ಓಲ್ಡಾನ್". ಡ್ರೈವರ್ ನಂಜಯ್ಯ ನಿನ್ನ ಬಾಯಿಂದ ರೈಟ್ ಬರುವ ತನಕ ಗೇರು ಹಾಕುತ್ತಿರಲಿಲ್ಲ. "ಚಿಕ್ಕಂಡಕ್ಟ್ರು ಏಳ್ಲಿ, ತಡೀರಪ್ಪ" ಎಂದು ಜನರನ್ನೇ ಗದರುತ್ತಿದ್ದ. ಬೆಟ್ಟದಲ್ಲಿ ಬಸ್ಸು ನಿಂತ ಒಂದೂವರೆ ಗಂಟೆ ನಿನಗೆ ಅವನದೇ ಬೌಲಿಂಗು. ಪಕ್ಕದ ಬಸ್ಸಿನ ಗಾಜು ಒಡೆದ ದಿನ ನಾನು ನಿನಗೆ ಎರಡು ಬಾರಿಸಿದೆ, ಅವನು ನನಗೆ ವಾರವೆಲ್ಲ ಬೈದ. ಆ ಎರಡು ಮಾತು ಹಿಡಿದುಕೊಂಡೇ ನೀನು ಯಳಂದೂರಿನ ಶಾಲೆಯ ತಂಡಕ್ಕೆ ಆಡಿದೆ, ಮೈಸೂರಿನ ಕ್ಲಬ್ಬಿಗೆ ಆಡಿದೆ, ಒಂಬತ್ತು ವರ್ಷ ರಾಜ್ಯದ ತಂಡಕ್ಕೆ ಆಡಿದೆ. ನಿನ್ನ ಜೊತೆ ಆಡಿದವರಿಗೆಲ್ಲ ಆ ಕೂಗು ಅಭ್ಯಾಸವಾಗಿತ್ತು. ಮೂರ್ತಿಯವರು ಈ ವರ್ಷವಷ್ಟೇ ಬೇರೆ ರಾಜ್ಯದ ತಂಡದಿಂದ ವಾಪಸ್ ಬಂದವರು, ಅವರಿಗೇನು ಗೊತ್ತು ಪಾಪ. ಈ "ಹ" ಅನ್ನುವ ಅಕ್ಷರ ಬರೆಯುವಾಗ ನನ್ನ ಕೈಗೂ ಬರುತ್ತದೆ, ಬಾಯಿ ಬಿಟ್ಟರೆ ಎಲ್ಲಿ ಹಾಳಾಗಿ ಹೋಗುತ್ತದೋ ಶಿವನೇ ಬಲ್ಲ. ನನ್ನ ಬಾಯಲ್ಲೇ ಇಲ್ಲದ್ದು ನಿನ್ನ ಬಾಯಿಗೆ ಎಲ್ಲಿಂದ ಬರಬೇಕು? ಬೈಯುವುದಾದರೆ ನನ್ನನ್ನು ಬೈ.

ಇನ್ನೊಂದು ವಿಷಯ, ನಿನ್ನ ಅವ್ವನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ನೀನಿನ್ನೂ ಹುಟ್ಟಿರಲಿಲ್ಲ, ನಾನು ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಅಂದು ನನ್ನ ಬಸ್ಸಿಗೆ ಧಾರವಾಡ ಕಡೆಯ ಹೊಸ ಡ್ರೈವರ್. ರಾಮಾಪುರದಲ್ಲಿ ರಾಮಮ್ಮ ಎನ್ನುವ ಮುದುಕಿ ಬೆಟ್ಟದಲ್ಲಿ ಮಾರಲೆಂದು ಅವರೆಕಾಯಿ ಮೂಟೆಯನ್ನು ಬಸ್ಸಿಗೆ ಏರಿಸಿ, ತಾನು ಹತ್ತಲು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬಸ್ಸು ಅಲುಗಿತು. "ಓಲ್ಡಾನ್, ಓಲ್ಡಾನ್" ಎಂದು ಕೂಗಿದೆ. ಕೂಗಿದಷ್ಟೂ ಬಸ್ಸು ಜೋರಾಯಿತು! ಅವರೆಕಾಯಿ ಬೆಟ್ಟ ಸೇರಿತು, ರಾಮಮ್ಮ ರಾಮಾಪುರದಲ್ಲೇ ಉಳಿದಳು. "ನೀನ ಓಡ್ ಓಡ್ ಅಂದಿ, ನಾ ಓಡ್ಸಿದ್ನಿ" ಅಂದ ಆ ಪುಣ್ಯಾತ್ಮ. ಬಸ್ಸಿನಲ್ಲಿ ನಕ್ಕರು, ಡಿಪೋದಲ್ಲಿ ಬಿದ್ದು ಬಿದ್ದು ನಕ್ಕರು. ಕಂಡಕ್ಟರನಿಗೆ ಬಾಯೇ ಸರಿಯಿಲ್ಲದ ಮೇಲೆ ಇನ್ನೇನಿದೆ ಎಂದು ರಾಜೀನಾಮೆ ಬರೆದು ಜೇಬಿನಲ್ಲಿ ಇಟ್ಟುಕೊಂಡೆ. ಮಾರನೆಯ ದಿನ ಅದೇ ರಾಮಮ್ಮ ನನ್ನ ಬಸ್ಸಿಗೇ ಕಾದು ನಿಂತಿದ್ದಳು. ಗ್ರಹಚಾರ ಬಿಡಿಸುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಹತ್ತಿ, ಕೂತು, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, "ಯಾಕ್ಲಾ ಮೂಗನಂಗ್ ನಿಂತಿದ್ದೀಯೆ? ನೀನ್ ಬಾಯ್ ಮುಚ್ಕಂಡ್ರೆ ಬಸ್ಸು ಎಂಗ್ಲಾ ಓಯ್ತದೆ? ರೈಟ್ ಅನ್ಲಾ, ಒತ್ತಾಯ್ತು" ಅಂದಳು. ಅಂದೆ. ಇಪ್ಪತ್ತೊಂಬತ್ತು ವರ್ಷ ಅಂದೆ. ಆ ದಿನ ಅವಳು ಒಂದೇ ಒಂದು ಮಾತು ಬೈದಿದ್ದರೂ ನಾನು ಕೆಲಸ ಬಿಟ್ಟಿರುತ್ತಿದ್ದೆ. ಬಿಟ್ಟಿದ್ದರೆ ನಿನಗೆ ಆ ಬಸ್ಸೂ ಇಲ್ಲ, ನಂಜಯ್ಯನೂ ಇಲ್ಲ, ಆಟವೂ ಇಲ್ಲ. ಈಗಲೂ ರಾಮಾಪುರದ ಸ್ಟಾಪು ದಾಟುವಾಗ ಮನಸ್ಸಿನಲ್ಲೇ ಅವಳಿಗೆ ಕೈಮುಗಿಯುತ್ತೇನೆ.

ನಿನಗೂ ಕೈಮುಗಿಯಬೇಕು. ಅಪ್ಪಂದಿರು ಇದನ್ನೆಲ್ಲ ಹೇಳುವ ರೂಢಿಯಿಲ್ಲ, ಇರಲಿ, ಹೇಳಿಬಿಡುತ್ತೇನೆ. ನೀನು ಮೊದಲ ಸಲ ನೂರು ಹೊಡೆದ ದಿನ ಟಿವಿಯವರು ಮೈಕು ಹಿಡಿದು, ಇಷ್ಟು ಚೆನ್ನಾಗಿ ರನ್ ಓಡುವುದನ್ನು ಯಾರು ಕಲಿಸಿದರು ಎಂದು ಕೇಳಿದರು. "ನಮ್ಮಪ್ಪ, ಬಸ್ ಕಂಡಕ್ಟ್ರು" ಅಂದೆ ನೀನು. ನಾನು ಡ್ಯೂಟಿಯಲ್ಲಿದ್ದೆ, ಗೊತ್ತೇ ಇಲ್ಲ. ಹನೂರು ಸ್ಟ್ಯಾಂಡಿನಲ್ಲಿ ಹತ್ತಿದವರೆಲ್ಲ ನನ್ನ ಕೈ ಕುಲುಕತೊಡಗಿದರು. ಅದುವರೆಗೆ ಚಿಲ್ಲರೆ ಕೇಳದೆ ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ. ಹಿಂದಿನ ಸೀಟಿಗೆ ಹೋಗಿ ಅತ್ತೆ ಕಣೋ. ನನ್ನ ಕೆಲಸಕ್ಕೆ ಅಷ್ಟು ಮರ್ಯಾದೆ ತಂದವನು ನೀನು. ಆಟ ಬಿಡುವ ಕಾಲ ಎಲ್ಲರಿಗೂ ಬರುತ್ತದೆ. ಕಾಲು ಸೋತ ದಿನ ಬಿಡು, ಕಣ್ಣು ಮಂಜಾದ ದಿನ ಬಿಡು, ನಾನು ಬೇಡ ಎನ್ನುವುದಿಲ್ಲ. ನಮ್ಮ ಮನೆಯ ಮಾತಿಗೆ ನಾಚಿಕೊಂಡು ಬಿಟ್ಟೆಯೆಂದರೆ ಮಾತ್ರ ನನಗೆ ತಡೆಯಲಾಗುವುದಿಲ್ಲ.

ನಿನ್ನ ಅವ್ವ ಹುರಿಹಿಟ್ಟು ಕಟ್ಟಿ ಕಳಿಸಿದ್ದಾಳೆ, ಮೂಲೆಗಿಡದೆ ತಿನ್ನು. ದೀಪಶ್ರೀಗೆ ನಿನ್ನ ಮೇಲೆ ಕೋಪ, ಆದರೂ ಕೇಳಿದಳೆಂದು ಬರೆ ಅಂದಳು. ಮಾದಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಚಿಕ್ಕಮಾದಪ್ಪ
ನಿವೃತ್ತ ಕಂಡಕ್ಟರ್

ಮರೆತು ಕೆಳಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ, ಇಷ್ಟು ಹೊತ್ತೂ ಧೈರ್ಯ ಬರಲಿಲ್ಲ. ಇವತ್ತು ಬೆಳಗ್ಗೆ ಮೂರ್ತಿಯವರು ಮನೆಯ ನಂಬರಿಗೆ ಫೋನ್ ಮಾಡಿದ್ದರು. "ಗುರುನಾ?" ಅಂದರು. ನಮ್ಮಿಬ್ಬರ ದನಿ ಒಂದೇ ಅಲ್ಲವೇ, "ಊಂ ಸಾ" ಅಂದುಬಿಟ್ಟೆ. ಫೀಲ್ಡರನ್ನು ನೋಡದೆ ಓಡಿದ್ದು ಅವರದೇ ತಪ್ಪಂತೆ. ಮುಂದಿನ ಪಂದ್ಯಕ್ಕೆ ನಿನ್ನ ಹೆಸರಿದೆಯಂತೆ, ಸೋಮವಾರ ಬೆಳಗ್ಗೆ ಏಳಕ್ಕೆ ಬೆಂಗಳೂರಿನ ಮೈದಾನದಲ್ಲಿರಬೇಕಂತೆ. "ಬರ್ತೀಯ ತಾನೆ?" ಅಂದರು. "ಬತ್ತೀನಿ ಸಾ" ಅಂದೆ. ಫೋನ್ ಇಡುವ ಮುಂಚೆ "ಸಾರಿ ಗುರು" ಅಂದರು. ಅದನ್ನು ಕೇಳಿಸಿಕೊಳ್ಳಬೇಕಾದವನು ನೀನು, ಕೇಳಿಸಿಕೊಂಡವನು ನಾನು. ಹೋಗಿ ಅವರ ಬಾಯಲ್ಲೇ ಇನ್ನೊಂದು ಸಲ ಕೇಳು. ನೀನು ಹೋಗದಿದ್ದರೆ ಸೋಮವಾರ ಅರವತ್ತೆರಡು ವರ್ಷದ ನಾನೇ ಪ್ಯಾಡು ಕಟ್ಟಿಕೊಂಡು ನಿಲ್ಲಬೇಕಾಗುತ್ತದೆ.